ಖಾಲಿ ಜಾಗದ ಬಾಡಿಗೆ

ಹಕ್ಕಿಗಳ ಮಾತು ನನ್ನಷ್ಟು ಬಲ್ಲವನು ಸುತ್ತ ಏಳೂರಲ್ಲಿ ಇರಲಿಲ್ಲ. ಅಲ್ಲ ಅನ್ನೋದಕ್ಕೆ ಆ ಕಾಲದವರು ಒಬ್ಬರೂ ಈಗ ಉಳಿದಿಲ್ಲ. ಬಿದಿರಿನ ತೊಟ್ಟಿಲು ಹೆಣೆದು, ಫೋನಿನಲ್ಲಿ ಆರ್ಡರ್ ಹಿಡಿದು ಮಾರುವ ನಮ್ಮ ಸೊಸೆ ದುರ್ಗವ್ವ ಮೊನ್ನೆ ಮುಖ ಬಾಡಿಸಿಕೊಂಡು ಬಂದಳು. ತೊಟ್ಟಿಲು ದೊಡ್ಡದಾಯಿತು ಅಂತ ಕೊರಿಯರಿನವರು ದುಪ್ಪಟ್ಟು ಕೇಳಿದರಂತೆ. ಆಗ ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ.

ಗೂಡು ಹೆಣೆದು ಮಾರುವ ಗೀಜಗವೊಂದಿತ್ತು. ಹೊಳೆಯಾಚೆಯ ಗುಬ್ಬಿಗೆ ಗೂಡು ಬೇಕಿತ್ತು. ಮಾರನೆಯ ದಿನವೇ ಮೊಟ್ಟೆ ಇಡುವುದಿತ್ತು. ಗೀಜಗ ಗೂಡನ್ನು ಸಾಗಣೆ ಮಾಡುವ ಹದ್ದಿನ ಹತ್ತಿರ ತಂದಿತು.

"ನಾಲ್ಕು ಮಿಡತೆ ಕೊಡು," ಎಂದಿತು ಹದ್ದು.

"ಹುಲ್ಲಿನ ಗೂಡಣ್ಣ, ತೂಕವೇ ಇಲ್ಲ. ಒಂದು ಸಾಲದೇ?"

"ಬಾಡಿಗೆ ತೂಕಕ್ಕಲ್ಲ, ಜಾಗಕ್ಕೆ. ಗೂಡಿನ ಆ ಉದ್ದ ಬಾಲ ಕತ್ತರಿಸು, ಕಡಿಮೆ ಮಾಡುತ್ತೇನೆ."

"ಆ ಬಾಲವೇ ಒಳಹೋಗುವ ಕೊಳವೆ, ಕತ್ತರಿಸಿದರೆ ಹಾವು ನೇರ ಮೊಟ್ಟೆಗೇ ಬರುತ್ತದೆ. ಒಳಗಿರುವುದು ಬರೀ ಗಾಳಿ, ಅದಕ್ಕೂ ಬಾಡಿಗೆಯೇ?"

"ಅದಕ್ಕೂ."

ಗೀಜಗ ಸಂಜೆಯ ಊಟಕ್ಕೆಂದು ಇಟ್ಟುಕೊಂಡಿದ್ದ ಮಿಡತೆಗಳನ್ನೆಲ್ಲ ಕೊಟ್ಟು, ಗೂಡಿನೊಳಗೆ ಹೊಕ್ಕು ಕೂತಿತು.

"ಏಯ್, ಇಳಿ!"

"ಖಾಲಿ ಜಾಗಕ್ಕೂ ಬಾಡಿಗೆ ತೆಗೆದುಕೊಂಡೆಯಲ್ಲ? ಅದರಲ್ಲಿ ನಾನು ಕೂತಿದ್ದೇನೆ. ಗೂಡನ್ನು ಕೊಂಬೆಗೆ ನಾನೇ ಬಿಗಿದು ಬರುತ್ತೇನೆ."

ಹದ್ದು ಗೂಡನ್ನು ಉಗುರಲ್ಲಿ ಹಿಡಿದು ಹಾರಿತು. ನಡುಹೊಳೆಯ ಮೇಲೆ ಮಾತ್ರ, "ನಾಳೆಯಿಂದ ತೂಗಿಯೇ ಬಾಡಿಗೆ ಹೇಳುತ್ತೇನೆ," ಎಂದು ಗೊಣಗಿತು.

ದುರ್ಗವ್ವ ನಕ್ಕುಬಿಟ್ಟಳು. "ನಡುಹೊಳೆ ಮೇಲೆ ಅದು ಗೊಣಗಿದ್ದು ನಿಮಗೆ ಹೆಂಗೆ ಕೇಳಿಸ್ತು ಮಾವ?"

ನಾನು ಹೆಗಲು ಕುಣಿಸಿದೆ. "ಗೂಡಲ್ಲಿ ಇನ್ನೂ ಒಂಚೂರು ಜಾಗ ಇತ್ತವ್ವ."