ರಾಟೆಯಿಲ್ಲದ ಬಾವಿ

"ಗುರುಗಳೇ, ಕೃತಜ್ಞತೆಯೇ ನನ್ನ ಬಾಳಿನ ತತ್ವವೆಂದು ತೀರ್ಮಾನಿಸಿದ್ದೇನೆ. ಬೆಳಗಾಗೆದ್ದು, ನನಗೆ ಉಪಕಾರ ಮಾಡಿದ ಪ್ರತಿಯೊಬ್ಬರನ್ನೂ ನೆನೆದು ಕೈಮುಗಿಯುತ್ತೇನೆ. ಮನುಷ್ಯ ನೆಟ್ಟಗೆ ಬಾಳಲು ಇಷ್ಟು ಸಾಲದೇ?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನ ಹಿತ್ತಿಲಿನಲ್ಲಿ ಆಳವಾದ ಒಂದು ಬಾವಿ. ಬಾವಿಗೆ ರಾಟೆ ಇರಲಿಲ್ಲ. ಕಟ್ಟೆಯ ಮೇಲೆ ನಿಂತು ಬರಿಗೈಯಲ್ಲಿ ಹಗ್ಗ ಎಳೆಯಬೇಕು. ಆ ಕೆಲಸಕ್ಕೆ ಒಬ್ಬ ಆಳಿದ್ದ. ನಸುಕಿನಲ್ಲಿ ಬಂದು ಸ್ನಾನಕ್ಕೆ, ಅಡುಗೆಗೆ, ದನಗಳಿಗೆ ನೀರು ಸೇದಿ ತುಂಬಿಸುವಷ್ಟರಲ್ಲಿ ಬಿಸಿಲೇರುತ್ತಿತ್ತು.

ವರ್ತಕ ಕೆಟ್ಟವನಲ್ಲ. ಉಪಕಾರ ಸ್ಮರಿಸದೆ ಉಣ್ಣುವುದು ಕಳ್ಳತನವೆಂಬುದು ಅವನ ತತ್ವ. ತತ್ವವನ್ನು ಬಾಯಿಮಾತಿಗೆ ಬಿಟ್ಟವನೂ ಅಲ್ಲ. ದಿನವೂ ಸ್ನಾನ ಮುಗಿಸಿ, ಮಡಿಯುಟ್ಟು, ನೇರ ಬಾವಿಕಟ್ಟೆಗೆ ಬರುತ್ತಿದ್ದ. ಆಳಿನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ನಾನು ಬದುಕಿರುವುದು ಈ ಕೈಗಳಿಂದ ಎನ್ನುತ್ತಿದ್ದ. ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು.

ಮೊದಲ ಸಲ ಆಳೂ ಅತ್ತ. ಮನೆಗೆ ಹೋಗಿ ಹೆಂಡತಿಗೆ ಹೇಳಿದ, ಅವಳು ಕೇರಿಗೆಲ್ಲ ಹೇಳಿದಳು. ಸುದ್ದಿ ಹಬ್ಬಿ, ವರ್ತಕನ ಮನೆಗೆ ಬಂದ ನೆಂಟರೂ ಸ್ನಾನವಾದ ಮೇಲೆ ಬಾವಿಕಟ್ಟೆಗೆ ಬಂದು ಸಾಲಾಗಿ ನಿಂತು ಆ ಕೈಗಳನ್ನು ಕಣ್ಣಿಗೊತ್ತಿಕೊಳ್ಳತೊಡಗಿದರು. ನೆಂಟರು ಬಂದ ದಿನ ನೀರು ಹೆಚ್ಚು ಬೇಕಾಗುತ್ತಿತ್ತು ಎನ್ನುವುದು ಬೇರೆ ಮಾತು.

ಆಳಿನ ಅಂಗೈ ಸೀಳಿತು. ಬಟ್ಟೆ ಸುತ್ತಿಕೊಂಡರೆ ವಂದನೆಯ ಹೊತ್ತಿಗೆ ಬಿಚ್ಚಬೇಕಾಗುತ್ತಿತ್ತು. ಬಿಚ್ಚಿದಾಗಲೆಲ್ಲ ಗಾಯ ಹೊಸದಾಗುತ್ತಿತ್ತು. ಉಣ್ಣಲು ಕೂತರೆ ಸಾರಿನ ಖಾರ ಸೀಳಿಗೆ ಇಳಿದು ಕೈ ಉರಿಯುತ್ತಿತ್ತು. ಹೆಂಡತಿಯೇ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಡುತ್ತ, "ಊರೋರೆಲ್ಲ ಕಣ್ಣಿಗೊತ್ಕೊಳ್ಳೋ ಕೈ. ನಿನ್ನ ಬಾಯಿಗೆ ಒಂದು ತುತ್ತು ಇಡೋಕೆ ಆಗಲಿಲ್ಲವಲ್ಲ, ದೇವರೇ" ಎಂದು ಗಂಡನನ್ನು ಅಣಕಿಸಿದಳು. ಬಾವಿಗೊಂದು ರಾಟೆ ಹಾಕಿಸಿಕೊಡಲು ಕೇಳು, ಕೈ ಹೋದರೆ ಮನೆಯೇ ಹೋದಂತೆ ಎಂದೂ ಹೇಳಿದಳು.

ಆಳು ಬಹಳ ದಿನ ಮಾತು ಕೂಡಿಸಿಕೊಂಡ. ಅಷ್ಟು ಗೌರವ ಕೊಡುವವರ ಹತ್ತಿರ ಏನನ್ನಾದರೂ ಕೇಳುವುದು ಕಷ್ಟ. ಕಡೆಗೆ ಒಂದು ಬೆಳಗ್ಗೆ, ಕೈಗಳು ವರ್ತಕನ ಕಣ್ಣ ಮೇಲಿರುವಾಗಲೇ, "ಧಣಿ, ಬಾವಿಗೆ ಒಂದು ರಾಟೆ ಹಾಕಿಸಿದರೆ..." ಎಂದ.

ವರ್ತಕನಿಗೆ ನೋವಾಯಿತು.

"ನೀರನ್ನು ರಾಟೆ ಎತ್ತಿಕೊಟ್ಟರೆ ನಾನು ಯಾರಿಗಪ್ಪ ಕೈಮುಗಿಯಲಿ? ಮರದ ತುಂಡಿಗೋ?"

ಆಳು ಮತ್ತೆ ಹಗ್ಗ ಹಿಡಿದ.

ಮಳೆಗಾಲದಲ್ಲಿ ಹಗ್ಗ ನೆನೆದು ಒರಟಾಯಿತು, ಗಾಯ ಕೀವು ಕಟ್ಟಿತು. ಒಂದು ದಿನ ವರ್ತಕನ ರೆಪ್ಪೆ ಎಂದಿಗಿಂತ ಹೆಚ್ಚು ಒದ್ದೆಯಾಯಿತು. ಅದನ್ನು ತನ್ನ ಕಣ್ಣೀರೆಂದೇ ತಿಳಿದು, ಇಂದು ಕೃತಜ್ಞತೆ ಚೆನ್ನಾಗಿ ಉಕ್ಕಿತೆಂದು ಅವನು ಸಂತೋಷದಿಂದ ಊಟಕ್ಕೆ ಕೂತ. ಎದುರಿಗಿದ್ದ ನೆಂಟನೊಬ್ಬ ಮುಖದ ಮೇಲೆ ರಕ್ತವಿದೆ ಎಂದ. ವರ್ತಕ ಎದ್ದು ಮುಖ ತೊಳೆದುಕೊಂಡ. ನೀರು ಆಳು ಸೇದಿದ್ದೇ.

ಮರುದಿನ ವರ್ತಕ ಬಾವಿಕಟ್ಟೆಯ ತನಕ ಬರಲಿಲ್ಲ. ದೂರದಲ್ಲೇ ನಿಂತು ತನ್ನ ಸಂಕಟ ತೋಡಿಕೊಂಡ. ಇಂಥ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ಹೇಗೆ? ಒತ್ತಿಕೊಳ್ಳದೆ ಅದು ಸೇದಿದ ನೀರು ಕುಡಿಯುವುದು ಹೇಗೆ? ತತ್ವಕ್ಕೆ ಭಂಗ ಬರುವುದಿಲ್ಲವೇ? ಆಳಿನ ಉಪಕಾರವನ್ನು ಸಾಯುವ ತನಕ ಮರೆಯುವುದಿಲ್ಲವೆಂದು ಹೇಳಿ, ನಾಳೆಯಿಂದ ಬರಬೇಡ ಎಂದ. ಹೊಸ ಆಳನ್ನು ಆಗಲೇ ಗೊತ್ತುಮಾಡಿದ್ದ. ಅವನ ಅಂಗೈ ಇನ್ನೂ ನುಣುಪಾಗಿತ್ತು. ವರ್ತಕನ ವ್ರತ ಒಂದು ದಿನವೂ ತಪ್ಪಲಿಲ್ಲ.

ಹಳೆಯ ಆಳಿನ ಬೆರಳುಗಳು ಒಳಕ್ಕೆ ಮುದುಡಿಕೊಂಡವು, ಮತ್ತೆ ಬಿಚ್ಚಲಿಲ್ಲ. ಹೆಂಡತಿ ಕಂಡವರ ಮನೆಯಲ್ಲಿ ರಾಗಿ ಬೀಸಿ ಅವನಿಗೆ ಉಣ್ಣಿಸಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ದಿನಾ ಹಿಡಿಯುತ್ತಿದ್ದ ಕೈ, ಗುರುಗಳೇ. ಗಾಯ ಅಷ್ಟು ಬಲಿಯುವ ತನಕ ಅವನಿಗೆ ಕಾಣಲೇ ಇಲ್ಲವೇ?" ಎಂದ.

"ಕಣ್ಣಿಗೆ ಒತ್ತಿಕೊಂಡ ಕೈ ಯಾರಿಗಪ್ಪ ಕಂಡಿದೆ?" ಎಂದರು ಗುರು.