ಹೊರಗೋಡೆಯ ಪಾತಾಳಗರಡಿ

“ಗುರುಗಳೇ, ನಮ್ಮ ಪಾಪ ದೇವರಿಗೆ ಮೊದಲೇ ಗೊತ್ತು. ಕ್ಷಮೆಯೂ ಅವನ ಬಳಿ ಮೊದಲೇ ಸಿದ್ಧವಾಗಿದೆ ಎನ್ನುತ್ತೀರಿ. ಮತ್ತೆ ನಾವು ಬಾಯಿಬಿಟ್ಟು ಹೇಳುವುದು ಯಾತಕ್ಕೆ?”

ಹೀಗೆ ಕೇಳಿದವನು ಚರ್ಚಿನ ಉಪದೇಶಿ ಇನ್ನಾಸಪ್ಪ. ಮಕ್ಕಳಿಗೆ ಜಪ ಕಲಿಸುವುದು, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಊರಿನವರನ್ನು ಗುರುಗಳ ಬಳಿ ಪಾಪನಿವೇದನೆಗೆ ಕರೆತಂದು ಸಾಲಾಗಿ ಕೂರಿಸುವುದು ಅವನ ಕೆಲಸ. ಮೂರು ವರ್ಷಗಳಿಂದ ಆ ಸಾಲಿನಲ್ಲಿ ಅವನೊಬ್ಬ ಕೂತಿರಲಿಲ್ಲ. ಪಂಕ್ತಿಗೆಲ್ಲ ಎಲೆ ಹಾಕಿ ತಾನು ಹಸಿದು ನಿಂತವನ ಹಾಗಿತ್ತು ಅವನ ಪಾಡು. ಮುದಿ ಗುರುಗಳಿಗೆ ಇದು ತಿಳಿದಿತ್ತು. ಕಾರಣ ಕೇಳಲಿಲ್ಲ, ಒಂದು ಕತೆ ಹೇಳಿದರು.

ಒಂದು ಊರು, ಊರಿಗೆಲ್ಲ ಒಂದೇ ಸೇದುವ ಬಾವಿ. ಕೈ ಜಾರಿ ಕೊಡ ಬೀಳುವುದು ಎಲ್ಲ ಮನೆಯಲ್ಲೂ ನಡೆಯುವ ಸಂಗತಿ. ಬಿದ್ದದ್ದನ್ನು ಎತ್ತಲು ಊರಿಗೊಂದೇ ಪಾತಾಳಗರಡಿ ಇತ್ತು. ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಅದು ಒಬ್ಬ ಅಜ್ಜಿಯ ನಡುಮನೆಯ ಗೂಟದಲ್ಲಿರುತ್ತಿತ್ತು. ಬೇಕಾದವರು ಅಜ್ಜಿಯ ಹೊಸ್ತಿಲಲ್ಲಿ ನಿಂತು ಎರಡು ಮಾತು ಹೇಳಬೇಕು: ಏನು ಬಿತ್ತು, ಯಾರ ಕೈಯಿಂದ ಬಿತ್ತು. ಹೇಳಿದರೆ ಸಾಕು, ಅಜ್ಜಿ ಮರುಮಾತಿಲ್ಲದೆ ಗರಡಿ ತೆಗೆದುಕೊಡುತ್ತಿದ್ದಳು. ಬೇಸಿಗೆಯಲ್ಲಿ ಬಾವಿಯ ಹೂಳೆತ್ತಿದಾಗ ಸಿಕ್ಕ ಪಾತ್ರೆಗಳನ್ನು ಗುರುತು ಹಿಡಿದು ಆಯಾ ಮನೆಗೆ ಒಪ್ಪಿಸುವವಳೂ ಅವಳೇ. ಯಾರ ಮನೆಯ ಯಾವ ಚೊಂಬು ಯಾವ ವರ್ಷ ಬಿತ್ತೆಂಬುದು ಅವಳಿಗೆ ಬಾಯಿಪಾಠ. ಅಜ್ಜಿಯ ನೆನಪೆಂದರೆ ಊರಿಗೆ ಅಷ್ಟು ನಂಬಿಕೆ.

ಅದೇ ಬೀದಿಯಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ದಿನಾ ಸಂಜೆ ಅಜ್ಜಿಯ ಜಗಲಿಯಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು ಬಾಳೆನಾರು ಸೀಳಿ ಕೊಡುತ್ತಿದ್ದಳು. ತಾಯಿಯಿಲ್ಲದ ಹೂವಾಡಗಿತ್ತಿಗೆ ಆ ಜಗಲಿಯೇ ತವರು.

ಮಗಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನ ನೆಂಟರು ಬರುತ್ತಾರೆಂದು ಅವಳು ಅಜ್ಜಿಯ ತಾಮ್ರದ ಕೊಡ ಕೇಳಿ ತಂದಳು. ಅವಳ ಹಗ್ಗ ಸವೆದು ತುಂಡಾಗಿತ್ತು. ಹೊಸದು ತರಲು ಪುರುಸೊತ್ತಿಲ್ಲದೆ, ಮಾಲೆಗೆ ಹಾಕುವ ತನ್ನ ಗಂಟನ್ನೇ ಹಗ್ಗಕ್ಕೂ ಹಾಕಿ ಕೂಡಿಸಿದಳು. ಮಾಲೆ ತಡೆಯುವ ಗಂಟು ತುಂಬಿದ ಕೊಡ ತಡೆದೀತೇ? ಗಂಟಿನ ಬುಡದಲ್ಲೇ ಹಗ್ಗ ಹರಿದು, ಗಂಟು ಸಮೇತ ಕೊಡ ಬಾವಿ ಸೇರಿತು.

ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಿದ್ದದ್ದು ಅಜ್ಜಿಯ ಕೊಡ, ಎತ್ತುವ ಗರಡಿಯೂ ಅಜ್ಜಿಯ ಮನೆಯಲ್ಲೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹೆದರಿ, ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಹಾಗೆಯೇ ಆಯಿತು. ಮೂರನೆಯ ದಿನ ಬಾವಿಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಜ್ಜಿಯೇ ಕೇಳಿದಳು.

“ಕೊಡದ ಕೆಲಸ ಆಯ್ತೇನವ್ವ?”

“ಅವತ್ತೇ ನಿನ್ನ ಕೈಗೇ ಕೊಟ್ನಲ್ಲಜ್ಜಿ. ಮರ್ತೋಯ್ತಾ?”

ಅಜ್ಜಿ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಮನೆಗೆ ಹೋಗಿ ಅಟ್ಟ, ಮೂಲೆ, ಹಿತ್ತಲು ಎಲ್ಲ ಹುಡುಕಿದಳು. ವಾರ ಕಳೆಯುವುದರೊಳಗೆ ಅಜ್ಜಿಗೆ ಅರಳುಮರಳು ಎಂಬ ಮಾತು ಊರಲ್ಲಿ ಹರಡಿತು. ಬೀಗದ ಕೈ ಸೊಸೆಯ ಸೊಂಟಕ್ಕೆ ಹೋಯಿತು. ಅಜ್ಜಿ ತನ್ನನ್ನೇ ತಾನು ನಂಬದಾದಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ಎದ್ದು ಹೋಗಿ ನೋಡುತ್ತಿದ್ದಳು. ಹೂವಾಡಗಿತ್ತಿ ಜಗಲಿಯಲ್ಲಿ ಕೂತು ಇದನ್ನೆಲ್ಲ ಕಣ್ಣಾರೆ ಕಂಡಳು. ಆದರೂ ಬಾಯಿಬಿಡಲಿಲ್ಲ.

ಬೇಸಿಗೆ ಬಂತು. ಹೂಳೆತ್ತುವ ದಿನ ಅವಳು ತಂಗಿಯ ಮನೆಗೆಂದು ಊರು ಬಿಟ್ಟಳು. ಎರಡು ದಿನ ಬಿಟ್ಟು ಹೆದರುತ್ತಲೇ ಬಂದಳು. ಯಾರೂ ಕೊಡದ ಸುದ್ದಿ ಎತ್ತಲಿಲ್ಲ. ಕೊಡ ಕೆಸರಲ್ಲಿ ಹೂತುಹೋಗಿರಬೇಕು, ಬದುಕಿದೆಯಾ ಬಡಜೀವವೇ ಎಂದುಕೊಂಡಳು.

ಒಂದು ಮಾತ್ರ ಬದಲಾಗಿತ್ತು. ನಡುಮನೆಯಲ್ಲಿರುತ್ತಿದ್ದ ಪಾತಾಳಗರಡಿ ಈಗ ಹೊರಗೆ, ಬೀದಿಗೆ ಕಾಣುವ ಗೋಡೆಯಲ್ಲಿ ತೂಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳಿಗೆ ಅದು ತನ್ನನ್ನು ಹಂಗಿಸಲೆಂದೇ ಹಾಕಿದಂತೆ ಕಂಡಿತು. ಜಗಲಿಗೆ ಹೋಗುವುದು ಬಿಟ್ಟಳು. ಮುಂದೆ ಹಾದುಹೋದಾಗಲೆಲ್ಲ ಅಜ್ಜಿ ಒಳಗಿನಿಂದ ಕೂಗಿ ಕೇಳುತ್ತಿದ್ದಳು, ಏನಾದರೂ ಬೇಕಿತ್ತೇನವ್ವ ಎಂದು. ಏನೂ ಬೇಡ ಎಂದು ಇವಳು ಬಿರಬಿರನೆ ನಡೆಯುತ್ತಿದ್ದಳು. ಕೊನೆಗೆ ಆ ದಾರಿಯನ್ನೂ ಬಿಟ್ಟು ಹಿಂದಿನ ಓಣಿ ಹಿಡಿದಳು. ಮಲಗುವ ಮುನ್ನ ಶಿಲುಬೆಯ ಮುಂದೆ ಕೈಮುಗಿದು, ನಿನಗೆ ಎಲ್ಲ ಗೊತ್ತಲ್ಲ ಸ್ವಾಮಿ, ಎನ್ನುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸುತ್ತಿದ್ದಳು. ಹೀಗೆ ಏಳು ವರ್ಷ ಹೋಯಿತು.

ಅಜ್ಜಿ ತೀರಿಕೊಂಡಳು. ಹೂವಾಡಗಿತ್ತಿ ಆ ದಿನ ಎಲ್ಲರಿಗಿಂತ ದೊಡ್ಡ ಮಾಲೆ ಕಟ್ಟಿ ತಂದಳು. ಮಾಲೆಯಿಂದ ಮನಸ್ಸು ಹಗುರಾಗಲಿಲ್ಲ. ಏಳನೆಯ ದಿನದ ಪ್ರಾರ್ಥನೆ ಮುಗಿದು ಜನ ಎದ್ದು ಹೋದ ಮೇಲೆ ಆ ಹೊಸ್ತಿಲಲ್ಲಿ ಬಂದು ನಿಂತಳು. ಒಳಗೆ ಸೊಸೆ ಒಬ್ಬಳೇ ಇದ್ದಳು.

“ಕೊಡ ಬಿತ್ತು,” ಎಂದಳು ಹೂವಾಡಗಿತ್ತಿ. “ನನ್ನ ಕೈಯಿಂದ್ಲೇ ಬಿತ್ತು ಕಣವ್ವ.”

ಸೊಸೆ ಆಶ್ಚರ್ಯಪಡಲಿಲ್ಲ. ಒಳಗೆ ಹೋಗಿ ಒಂದು ಕೊಡ ತಂದು ಹೊಸ್ತಿಲ ಮೇಲಿಟ್ಟಳು. ಅದೇ ತಾಮ್ರದ ಕೊಡ, ಆಗತಾನೆ ಬೆಳಗಿದ ಹಾಗೆ ಹೊಳೆಯುತ್ತಿತ್ತು.

“ಮೊದಲನೇ ಬೇಸಿಗೇಲೇ ಸಿಕ್ತಕ್ಕ. ಕೊರಳಲ್ಲಿ ಹಗ್ಗದ ತುಂಡು ಹಂಗೇ ಇತ್ತು, ನಿಮ್ಮ ಹೂವಿನ ಗಂಟು. ಕೆಸರು ಮೆತ್ತಿದ್ದಕ್ಕೆ ಬೇರೆ ಯಾರಿಗೂ ಗುರುತು ಸಿಗಲಿಲ್ಲ, ಅತ್ತೆ ಸೆರಗಲ್ಲಿ ಮುಚ್ಕೊಂಡು ತಂದ್ರು. ಊರಿಗೆ ತೋರಿಸಿ, ಅರಳುಮರಳು ಅನ್ನೋರ ಬಾಯಿ ಮುಚ್ಚಲಿ ಅಂದೆ. ‘ತೋರಿಸಿದ್ರೆ ನನ್ನ ಹೆಸರು ಉಳೀತದೆ, ಅವಳಿಗೆ ಈ ಹೊಸ್ತಿಲು ಉಳಿಯಲ್ಲ’ ಅಂದ್ರು. ಒಳಗಿದ್ರೆ ಕೇಳೋಕೆ ನಾಚ್ಕೊಂಡಾಳು ಅಂತ ಗರಡೀನ ಹೊರಗೆ ತಗಲಿಹಾಕಿದ್ರು. ಶನಿವಾರ ಶನಿವಾರ ಹುಣಸೆಹಣ್ಣು ಹಾಕಿ ಕೊಡ ಬೆಳಗೋರು. ನೀವು ಬಂದ ದಿನ ಕಿಲುಬು ಹಿಡಿದಿರಬಾರದಂತೆ.”

ಹೂವಾಡಗಿತ್ತಿ ಕೊಡವನ್ನು ಮುಟ್ಟಲಿಲ್ಲ. ತಾನು ಕೂತು ಹೂ ಕಟ್ಟುತ್ತಿದ್ದ ಜಾಗಕ್ಕೆ ಹೋಗಿ ಕೂತು ಅತ್ತಳು. ಪಕ್ಕದಲ್ಲಿ ನಾರು ಸೀಳಿ ಕೊಡುವವರು ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಇನ್ನಾಸಪ್ಪನಿಗೆ ಸಮಾಧಾನವಾಗಲಿಲ್ಲ.

“ಅವಳು ಹೇಳುವ ಮೊದಲೇ ಕ್ಷಮೆ ಸಿಕ್ಕಿಬಿಟ್ಟಿತ್ತಲ್ಲ ಗುರುಗಳೇ,” ಎಂದ. “ಹೇಳದೆ ಇದ್ದುದರಿಂದ ಅವಳು ಕಳೆದುಕೊಂಡದ್ದಾದರೂ ಏನು?”

ಗುರುಗಳು ಅವನ ಮುಖ ನೋಡಿ ಹೇಳಿದರು.

“ಕ್ಷಮೆ ಮೊದಲ ಬೇಸಿಗೆಯಲ್ಲೇ ಸಿಕ್ಕಿತ್ತಪ್ಪ, ಅಜ್ಜಿ ಸಿಗಲಿಲ್ಲ.”