ಕುದುರೆಗಿಂತ ಮೊದಲು ಉಂಡ ಮಕ್ಕಳು

ಕೋಟೆಗಳಿಗೆ ಇನ್ನೂ ಬಾಗಿಲುಗಳಿದ್ದ, ಬಾಗಿಲುಗಳಿಗೆ ಇನ್ನೂ ಕಾವಲಿದ್ದ ಕಾಲದಲ್ಲಿ ಬೂದಿಗುಡ್ಡ ಅಂತ ಒಂದೂರಿತ್ತು. ಊರು ಈಗಲೂ ಇದೆ, ಕೋಟೆ ಇಲ್ಲ. ಆ ಊರಲ್ಲಿ ಲಾಯದ ಮುದ್ದೀರಮ್ಮ ಅಂತ ಒಬ್ಬಳಿದ್ದಳು. ಆಳಿಗಿಂತ ಒಂದು ಮೊಳ ಎತ್ತರವಿದ್ದಳು ಅನ್ನುತ್ತಾರೆ. ಅವಳು ಕೂಗಿದರೆ ಗುಡ್ಡದಾಚೆ ಮೇಯುವ ಕುದುರೆ ಕಿವಿ ನಿಮಿರಿಸುತ್ತಿತ್ತು ಅನ್ನುತ್ತಾರೆ. ಅದೆಲ್ಲ ಆಮೇಲೆ ಸೇರಿದ ಮಾತು. ಅವಳು ಕುಳ್ಳಗಿನ ಮುದುಕಿ, ಒಲೆಯ ಹೊಗೆಗೆ ಕಣ್ಣು ಕೆಂಪಾಗಿದ್ದವಳು. ಆದರೆ ಅವಳು ಮಾಡಿದ್ದು ಮಾತ್ರ ನಿಜ. ಅವಳು ಅದನ್ನು ಮಾಡದೆ ಹೋಗಿದ್ದರೆ ಈ ಕಥೆ ಹೇಳುವವರೂ ಇರುತ್ತಿರಲಿಲ್ಲ, ಕೇಳುವವರೂ ಇರುತ್ತಿರಲಿಲ್ಲ.

ಆ ಕೋಟೆಯ ದೊರೆ ಓಬಯ್ಯನಾಯಕ. ಅವನಿಗೆ ಕುದುರೆ ಅಂದರೆ ಪ್ರಾಣ. ಸುತ್ತಲಿನ ಪಾಳೆಯಗಾರರಿಗೆಲ್ಲ ಇವನ ಕುದುರೆಗಳನ್ನು ಕಂಡರೆ ಹೊಟ್ಟೆಕಿಚ್ಚು. ಕುದುರೆ ಕೊಬ್ಬಬೇಕಾದರೆ ಹುರುಳಿ ಬೇಕು. ಅದಕ್ಕೆ ಅವನ ಪಾರುಪತ್ತೇಗಾರ ಸೂರಪ್ಪ ಒಂದು ಕಟ್ಟಳೆ ತಂದ. ಹೊಲದಲ್ಲಿ ಬೆಳೆದ ರಾಗಿ ರೈತನಿಗೆ ಇರಲಿ. ಹುರುಳಿ, ಅವರೆ, ತೊಗರಿ, ಕಾಳು ಅನ್ನುವುದೆಲ್ಲ ಕಣದಿಂದ ನೇರ ಕೋಟೆಗೆ ಬರಲಿ ಅಂದ. ಹಾಲು ತುಪ್ಪ ಮೊದಲಿನಿಂದಲೂ ಕೋಟೆಗೇ ಹೋಗುತ್ತಿತ್ತು. ಬಿತ್ತನೆಯ ಕಾಳನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದನ್ನು ತಿಂದವರ ಕೈ ಕತ್ತರಿಸಲಾಗುವುದು ಅಂತ ಡಂಗುರ ಹೊಡೆಸಿದ.

ಊರಿನವರು ಕೇಳಿಕೊಂಡರು. ಸೂರಪ್ಪ ನಕ್ಕು, ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆಯೇ ಇಲ್ಲವೇ, ಹಿಟ್ಟು ನಿಮ್ಮ ಹತ್ತಿರ ಬಿಟ್ಟಿಲ್ಲವೇ, ಇನ್ನೇನು ಬೇಕು ಅಂದನಂತೆ. ಮುದ್ದೀರಮ್ಮ ಆಗ ಗುಂಪಿನ ಹಿಂದೆ ನಿಂತಿದ್ದಳು.

"ಅದು ಹಿಟ್ಟಿನ ಜೊತೆ ಸಾರೂ ಇದ್ದ ಕಾಲದ ಗಾದೆ, ಬುದ್ಧಿ," ಅಂದಳಂತೆ.

ಯಾರು ಅಂದದ್ದು ಅಂತ ಸೂರಪ್ಪ ಹುಡುಕಿದ. ಕುಳ್ಳಿಯಾದ್ದರಿಂದ ಕಾಣಿಸಲಿಲ್ಲ.

ಕುದುರೆಗಳು ಕೊಬ್ಬಿದವು. ಮಕ್ಕಳು ಬತ್ತಿದರು. ಮೊದಲ ಸುಗ್ಗಿ ಕಳೆದಾಗ ಏನೂ ತೋರಲಿಲ್ಲ. ಎರಡನೆಯದು ಕಳೆದ ಮೇಲೆ ಹಾಲು ಬಿಟ್ಟ ಕೂಸುಗಳ ಕೂದಲು ತೆಂಗಿನ ನಾರಿನ ಹಾಗೆ ಕೆಂಪಗಾಯಿತು. ಹೊಟ್ಟೆ ಉಬ್ಬಿ ಕೈ ಕಡ್ಡಿಯಾಯಿತು. ಪಾದ ಊದಿಕೊಂಡು, ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಊರಮ್ಮನ ಮುನಿಸು ಅಂತ ಸೂರಪ್ಪ ಕೋಳಿ ಕೊಯ್ಯಿಸಿದ. ಕೋಳಿಯನ್ನು ಕಾವಲಿನವರು ತಿಂದರು.

ಮುದ್ದೀರಮ್ಮನ ಕೆಲಸ ಲಾಯದಲ್ಲಿ ಹುರುಳಿ ಬೇಯಿಸುವುದು. ಮನೆಯಲ್ಲಿ ಅವಳಿಗೆ ಉಳಿದದ್ದು ಒಬ್ಬಳೇ ಮೊಮ್ಮಗಳು, ಪುಟ್ಟತಾಯಿ. ಹೆತ್ತವರು ತೀರಿಹೋಗಿದ್ದರು. ನಡೆಯುತ್ತಿದ್ದ ಕೂಸು ನಡೆಯುವುದನ್ನು ಬಿಟ್ಟಿತು, ಅಳುವುದನ್ನೂ ಬಿಟ್ಟಿತು. ಬೆಳಿಗ್ಗೆ ಮುದ್ದೀರಮ್ಮ ಕುದುರೆಯ ಮೈ ತಿಕ್ಕುತ್ತಿದ್ದಳು, ಅದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಸಂಜೆ ಅದೇ ಕೈಯಲ್ಲಿ ಮೊಮ್ಮಗಳ ತಲೆ ಸವರುತ್ತಿದ್ದಳು, ಕೂದಲು ಕೈಗೇ ಬರುತ್ತಿತ್ತು. ಇದು ಊರಮ್ಮನ ಮುನಿಸಲ್ಲ ಅಂತ ತಿಳಿಯಲು ಅವಳಿಗೆ ಯಾವ ಶಾಸ್ತ್ರವೂ ಬೇಕಾಗಲಿಲ್ಲ.

ಆ ಲಾಯದಲ್ಲಿ ಮುಂತುತ್ತು ಅಂತ ಒಂದು ಪದ್ಧತಿಯಿತ್ತು. ಹಿಂದಿನ ದೊರೆಯ ಕಾಲದಲ್ಲಿ ಯಾರೋ ಹುರುಳಿಗೆ ವಿಷ ಬೆರೆಸಿ ಒಳ್ಳೆಯ ಹೆಣ್ಣುಕುದುರೆಯೊಂದು ಸತ್ತಿತ್ತಂತೆ. ಅಂದಿನಿಂದ ಪ್ರತಿ ಕುದುರೆಯ ಬಾನಿಯಿಂದಲೂ ಮೊದಲು ಮನುಷ್ಯರು ತಿಂದು ತೋರಿಸಬೇಕು, ಆಮೇಲೆ ಕುದುರೆ ತಿನ್ನಬೇಕು. ಆ ಮುಂತುತ್ತು ತಿನ್ನುವವಳು ಮುದ್ದೀರಮ್ಮನೇ. ಒಂದು ದಿನ ಅವಳು ಕಾಳನ್ನು ದವಡೆಯಲ್ಲಿ ಒತ್ತಿ ಹಿಡಿದುಕೊಂಡು, ಗುಬ್ಬಿ ಮರಿಗೆ ಒಯ್ಯುವ ಹಾಗೆ ಮನೆಗೆ ಒಯ್ಯಲು ನೋಡಿದಳು. ಕಾವಲುಗಾರ ಬಾಯಿ ತೆರೆಸಿ, ನೀರು ಕುಡಿಸಿ, ನುಂಗಿದ್ದನ್ನು ಕಂಡ ಮೇಲೆಯೇ ಬಿಟ್ಟ. ಹೊಟ್ಟೆಗಿಳಿದ ಆ ತುತ್ತು ಅವಳಿಗೆ ಕೆಂಡವಾಯಿತು ಅನ್ನುತ್ತಾರೆ.

ಮಾರನೆಯ ದಿನ ಅವಳು ಕಾಳನ್ನು ಹೊರಗೆ ಒಯ್ಯಲಿಲ್ಲ. ಕೂಸನ್ನೇ ಒಳಗೆ ತಂದಳು.

ಬಾನಿಯ ಪಕ್ಕದಲ್ಲಿ ಕೂರಿಸಿಕೊಂಡು, ಬೆಂದ ಹುರುಳಿಯನ್ನು ಅಂಗೈಯಲ್ಲಿ ನುಣ್ಣಗೆ ಮಿದ್ದು, ಕಟ್ಟಿನ ನೀರಿನಲ್ಲಿ ಕಲಸಿ ತಿನ್ನಿಸಿದಳು. ಕಾವಲುಗಾರ ಓಡಿ ಬಂದ. ಮುಂತುತ್ತು ಮನುಷ್ಯರು ತಿನ್ನಬೇಕು ಅಂತ ಕಟ್ಟಳೆ ಇದೆಯಲ್ಲ, ಇದೇನು ಮನುಷ್ಯರ ಕೂಸಲ್ಲವೇ ಅಂತ ಅವಳು ಕೇಳಿದಳು. ಅವನು ಬಾನಿಯಿಂದ ಹಿಂದೆ ಸರಿದ. ಅವನ ಮನೆಯಲ್ಲೂ ಊದಿದ ಪಾದದ ಕೂಸೊಂದಿತ್ತು.

ಸುದ್ದಿ ಕೇರಿಗೆ ಬಿತ್ತು. ನೆರೆಮನೆಯ ಗಿರಿಯವ್ವ ಒಂದು ಮಗುವನ್ನು ಆಗಲೇ ಮಣ್ಣು ಮಾಡಿದ್ದವಳು, ಇನ್ನೊಂದನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಇದನ್ನೂ ಕರೆದುಕೊಂಡು ಹೋಗೇ ಅತ್ತೆ ಅಂದಳು. ಆಮೇಲೆ ಎಲ್ಲರೂ ಬಂದರು. ಒಂದೊಂದು ಬಾನಿಗೆ ಒಂದೊಂದು ಮಗು, ಮಗುವಿನ ಹಿಂದೆ ಕುದುರೆ, ಅದು ಮೂಗರಳಿಸಿಕೊಂಡು ತನ್ನ ಸರದಿ ಕಾಯುತ್ತಿತ್ತು.

"ಏನಜ್ಜೀ, ಇದು ಲಾಯವೋ, ಮಕ್ಕಳು ಓದೋ ಕೂಲಿಮಠವೋ?" ಅಂದ ಕಾವಲುಗಾರ.

"ನಿನ್ನ ತಲೆ ಉಳಿಸ್ತಾ ಇದ್ದೀನಿ ಕಣಪ್ಪ. ಕುದುರೆ ಸತ್ತರೆ ಹೋಗೋ ತಲೆ ಯಾರದು? ಬಾಯಿ ಹೆಚ್ಚಿದಷ್ಟೂ ಪರೀಕ್ಷೆ ಗಟ್ಟಿ. ನಿನ್ನ ಕೂಸನ್ನ ಯಾವಾಗ ಕರಕೊಂಡು ಬರ್ತೀಯ?"

ಅವನು ಅಂದೇ ಕರೆದುಕೊಂಡು ಬಂದ.

ಪುಟ್ಟತಾಯಿಯ ಪಾದದ ಊತ ಇಳಿಯಿತು. ಅವಳು ಮತ್ತೆ ಅಳಲು ಕಲಿತಳು. ಆ ಅಳು ಕೇಳಿ ಕೇರಿಯವರು ನಕ್ಕರು ಅನ್ನುತ್ತಾರೆ. ಕುದುರೆಯ ಕಾಲು ಹಿಡಿದುಕೊಂಡು ಎದ್ದು ನಿಂತಳು. ಅವಳು ನಿಂತ ವಾರವೇ ಸೂರಪ್ಪ ಲಾಯಕ್ಕೆ ಬಂದ.

ಅವನು ಬಾನಿಗಳನ್ನು ನೋಡಿದ, ಮಕ್ಕಳನ್ನು ನೋಡಿದ. ಮಕ್ಕಳನ್ನು ಹೊರಗೆ ಅಟ್ಟಿಸಿದ. ಮುಂತುತ್ತನ್ನು ಇನ್ನು ಮೇಲೆ ಕಾವಲುಗಾರನೇ ತಿನ್ನತಕ್ಕದ್ದು ಅಂದ. ದೊರೆಯ ಕುದುರೆಯ ಕಾಳು ಕದ್ದ ತಪ್ಪಿಗೆ ಮುದ್ದೀರಮ್ಮನ ಬಲಗೈಯನ್ನು ನಾಳೆ ಕೋಟೆಬಾಗಿಲಲ್ಲಿ ಕತ್ತರಿಸಬೇಕು, ಊರೆಲ್ಲ ಬಂದು ನೋಡಬೇಕು ಅಂತ ಅಪ್ಪಣೆ ಮಾಡಿದ.

ಮುದ್ದೀರಮ್ಮ ಕೈಗಾಗಿ ಅಳಲಿಲ್ಲ. ಎದ್ದು ನಿಂತ ಕೂಸು ಮತ್ತೆ ಕೂರುತ್ತದಲ್ಲ ಅನ್ನುವುದೊಂದೇ ಅವಳ ಎದೆಯಲ್ಲಿ ಕುಟ್ಟುತ್ತಿತ್ತು. ಗಿರಿಯವ್ವನನ್ನು ಕರೆದು, ಊರೆಲ್ಲ ಬರಲಿ ಅಂದಿದ್ದಾನಲ್ಲ, ಬರಲಿ. ಆದರೆ ಬರುವಾಗ ಪ್ರತಿ ಮನೆಯಿಂದಲೂ ಬಿತ್ತನೆಯ ಹುರುಳಿ ಬರಲಿ ಅಂದಳು.

ಗಿರಿಯವ್ವ ಹೌಹಾರಿದಳು. ಬೂದಿ ಬೆರೆಸಿ ಮಡಕೆಯಲ್ಲಿ ಕಾಪಿಟ್ಟ ಬೀಜವನ್ನು ಎಂಥ ಬರದಲ್ಲೂ ಹೆಂಗಸರು ಮುಟ್ಟಿದವರಲ್ಲ. ಬಿತ್ತನೆ ಉಂಡ ಮನೆ ಮತ್ತೆ ಮೊಳೆಯುವುದಿಲ್ಲ ಅನ್ನುತ್ತಿದ್ದರು.

"ಮನೆ ಮೊಳೆಯೋದು ಬೀಜದಿಂದ ಅಲ್ಲ ಕಣೇ, ಮಕ್ಕಳಿಂದ," ಅಂದಳು ಮುದ್ದೀರಮ್ಮ.

ಬೆಳಗಾಯಿತು. ಕೋಟೆಬಾಗಿಲ ಮುಂದೆ ಕತ್ತಿ ಬಂತು, ಕೊರಡು ಬಂತು. ದೊರೆ ಬಂದು ಜಗಲಿಯ ಮೇಲೆ ಕೂತ. ಆಮೇಲೆ ಹೆಂಗಸರು ಬಂದರು, ಮಕ್ಕಳು ಕಂಕುಳಲ್ಲಿ, ಮಡಕೆ ತಲೆಯ ಮೇಲೆ. ಮೂರು ಮೂರು ಕಲ್ಲಿಟ್ಟು ಒಲೆ ಹೂಡಿದರು. ನೀರು ಕುದಿಯಲು ಇಟ್ಟರು. ಸೂರಪ್ಪ ಇದೇನು ಇದೇನು ಅಂತ ಕೂಗುತ್ತಿದ್ದ. ಗಿರಿಯವ್ವ ಎಲ್ಲರಿಗಿಂತ ಮೊದಲು ಬಗ್ಗಿ, ಬೂದಿ ಕೇರಿದ ಬೀಜವನ್ನು ಕುದಿನೀರಿಗೆ ಸುರಿದಳು. ಆಮೇಲೆ ಎಲ್ಲರೂ ಸುರಿದರು. ಹುರುಳಿ ಬೇಯುವ ಗಂಧ ಕೋಟೆಯ ಒಳಗೆಲ್ಲ ಹಬ್ಬಿತು, ಲಾಯದಲ್ಲಿ ಕುದುರೆಗಳು ನೆಲ ಕೆರೆದವು.

ದೊರೆಗೆ ಆಗ ಅರ್ಥವಾಯಿತು. ಬೆಂದ ಬೀಜ ಮೊಳೆಯುವುದಿಲ್ಲ. ಈ ಸಲ ಹೊಲದಲ್ಲಿ ಹುರುಳಿ ಇಲ್ಲ. ಮುಂದಿನ ಸುಗ್ಗಿಗೆ ಲಾಯದಲ್ಲಿ ಮೇವಿಲ್ಲ.

"ಇವರೆಲ್ಲರ ಕೈಯನ್ನೂ ಕತ್ತರಿಸಬೇಕು, ಬುದ್ಧಿ!" ಅಂತ ಸೂರಪ್ಪ ಹಾರಾಡಿದ.

"ಕತ್ತರಿಸಿ, ಬುದ್ಧಿ," ಅಂದಳು ಗಿರಿಯವ್ವ. "ಆಮೇಲೆ ಬಿತ್ತೋರು ಯಾರು? ಪಾರುಪತ್ತೇಗಾರರು ಕಚ್ಚೆ ಕಟ್ಟಿಕೊಂಡು ಇಳೀತಾರಾ?"

ಕಾವಲಿನವರು ಮೀಸೆಯಡಿ ನಕ್ಕರು. ದೊರೆ ಮುದ್ದೀರಮ್ಮನ ಕಡೆ ತಿರುಗಿ, ನಿನಗೇನು ಬೇಕು ಅಂತ ಕೇಳಿದ. ತನಗೇನೂ ಬೇಡ ಅಂದಳು ಅವಳು. ಕಣದಲ್ಲಿ ರಾಶಿ ಬಿದ್ದಾಗ ಮೊದಲ ಪಾಲು ಮಕ್ಕಳದು, ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ಪಾಲು. ಕುದುರೆಯದು ಆಮೇಲೆ, ದೊರೆಯದು ಅದಕ್ಕೂ ಆಮೇಲೆ. ಒಪ್ಪಿದರೆ ಕೋಟೆಯ ನೆಲದಡಿಯ ಹಗೇವಿನಿಂದ ಬೀಜ ಕೊಡಿ, ಬಿತ್ತುತ್ತೇವೆ. ಒಪ್ಪದಿದ್ದರೆ ಇಗೋ ಕೈ. ಹಾಗೆ ಅಂದು ಬಲಗೈಯನ್ನು ತಾನೇ ಕೊರಡಿನ ಮೇಲೆ ಇಟ್ಟಳು. ಎಡಗೈಯಲ್ಲಿ ಮೊಮ್ಮಗಳಿಗೆ ತುತ್ತು ಕೊಡುತ್ತಲೇ ಇದ್ದಳು.

ಆಗ ದೊರೆಯ ಕಣ್ಣಲ್ಲಿ ನೀರು ಬಂತು ಅನ್ನುವವರಿದ್ದಾರೆ. ಅವರನ್ನು ನಂಬಬೇಡಿ. ದೊರೆಗೆ ಬಂದದ್ದು ಕನಿಕರವಲ್ಲ, ಕುದುರೆಯ ಚಿಂತೆ. ಅಳತೆಯ ಕೊಳಗ ಅವನ ಕೈಯಲ್ಲಿತ್ತು, ಬಿತ್ತುವ ಕೈ ಹೆಂಗಸರದು. ಅವನು ಹಗೇವು ತೆಗೆಯಲು ಹೇಳಿದ. ಮಕ್ಕಳ ಪಾಲಿನ ಕಟ್ಟಳೆಯನ್ನು ಅಂದೇ ಸಾರಿಸಿದ. ಅದನ್ನು ಸಾರಲು ಸೂರಪ್ಪನ ಕೈಗೇ ಡಂಗುರ ಕೊಟ್ಟರು ಅನ್ನುತ್ತಾರೆ. ಇದು ನಿಜವಿರಲಿ ಅಂತ ಊರಿಗೆಲ್ಲ ಆಸೆ.

ಮೆಚ್ಚಿದೆ ಅಂತ ದೊರೆ ಅವಳಿಗೆ ಒಂದು ಶಾಲು ಹೊದಿಸಲು ಬಂದನಂತೆ. ನಮ್ಮದನ್ನು ನಮಗೆ ಕೊಟ್ಟಿದ್ದಕ್ಕೆ ಮರ್ಯಾದೆ ಯಾಕೆ ಅಂತ ಕೇಳಿ, ಅವಳು ಆ ಶಾಲನ್ನು ಪಕ್ಕದಲ್ಲಿದ್ದ ಕುದುರೆಯ ಬೆನ್ನಿಗೆ ಹಾಕಿ ಮನೆಗೆ ಹೋದಳಂತೆ. ಪುಟ್ಟತಾಯಿ ಅವಳ ಸೆರಗು ಹಿಡಿದು ಪಕ್ಕದಲ್ಲಿ ನಡೆದುಕೊಂಡು ಹೋದಳು. ಆ ಪುಟ್ಟತಾಯಿ ಬಾಳಿ, ಹೆತ್ತು, ಹಲ್ಲುದುರಿ ತೀರಿಕೊಂಡಳು. ಬೂದಿಗುಡ್ಡದ ಅರ್ಧ ಊರು ಅವಳ ಸಂತಾನ.

ಕೋಟೆ ಬಿತ್ತು, ದೊರೆಯ ಹೆಸರು ಹೇಳುವವರಿಲ್ಲ, ಕುದುರೆಗಳಂತೂ ಒಂದೂ ಉಳಿಯಲಿಲ್ಲ. ಮುದ್ದೀರಮ್ಮನಿಗೆ ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಬೂದಿಗುಡ್ಡದಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಮೊದಲ ಪಂಕ್ತಿ ಮಕ್ಕಳದು. ಯಾವ ಮನೆಯ ಮಕ್ಕಳು, ಯಾವ ಕೇರಿಯ ಮಕ್ಕಳು ಅಂತ ಕೇಳುವ ಹಾಗಿಲ್ಲ. ಬೀಗರು ನಿಂತಿರುತ್ತಾರೆ, ಊರ ಗೌಡ ನಿಂತಿರುತ್ತಾನೆ. ಒಮ್ಮೆ ಸರ್ಕಾರದ ಅಮಲ್ದಾರರೊಬ್ಬರು ತಿಳಿಯದೆ ಮೊದಲ ಎಲೆಗೆ ಕೂತರಂತೆ. ಬಡಿಸುತ್ತಿದ್ದ ಮುದುಕಿ ಸೌಟು ಕೆಳಗಿಟ್ಟು, ಎದ್ದೇಳಿ ಸ್ವಾಮಿ ಅಂದಳಂತೆ. ನಾನು ಯಾರು ಗೊತ್ತೇ ಅಂತ ಅವರು ಕೇಳಿದರು. ಗೊತ್ತು ಅಂದಳು ಅವಳು. ಅವರು ಎದ್ದರು. ಆ ಎಲೆಗೆ ಮೂಗು ಸೋರುತ್ತಿದ್ದ ಒಂದು ಹೆಣ್ಣುಕೂಸು ಬಂದು ಕೂತಿತು. ಅದು ನಿಧಾನವಾಗಿ ಉಂಡಿತು, ಇನ್ನೊಂದು ಸಲ ಬಡಿಸಿಕೊಂಡಿತು. ಅಲ್ಲಿಯವರೆಗೆ ಸರ್ಕಾರ ನಿಂತೇ ಇತ್ತು.